ಸೋಮವಾರ ಊದದ ಭೋಂಗಾ

ಒಡ್ಡುಗಳ ಕಂಪ್ಯೂಟರ್ ನೋಡಿಕೊಳ್ಳುವುದು ಹಳಿಯಾಳದ ಈರೇಶನ ಕೆಲಸ. ಆ ಸೋಮವಾರ ಅವನು ಮುಂಡಗೋಡ ಕಡೆಯ ಒಂದು ಹಳ್ಳದ ಒಡ್ಡಿಗೆ ಬಂದಾಗ, ನೀರಿನ ಮಟ್ಟ ಓದಿ ಬೇರೆ ಪ್ರೋಗ್ರಾಂಗಳಿಗೆ ಹೇಳುವ ಹೊಸ ಕೋಡ್ ಲೈಬ್ರರಿ ಪೆನ್ ಡ್ರೈವಿನಲ್ಲಿ ಅವನ ಕಿಸೆಯಲ್ಲಿತ್ತು. ಲೈಬ್ರರಿ ಒಂದೇ, ಅದನ್ನು ಕೇಳುವವರು ಇಬ್ಬರು. ಗೇಟು ಎತ್ತುವ ಪ್ರೋಗ್ರಾಂ ಜಾವಾ ಭಾಷೆಯಲ್ಲಿತ್ತು, ನೀರು ಬಿಡುವ ಮುನ್ನ ಕೆಳಗಿನ ಊರಿನಲ್ಲಿ ಎಚ್ಚರಿಕೆಯ ಭೋಂಗಾ, ಅಂದರೆ ಸೈರನ್, ಊದಿಸುವುದು ಪೈಥಾನಿನಲ್ಲಿ. ಎರಡಕ್ಕೂ ಬೇರೆ ಬೇರೆ ಬೈಂಡಿಂಗ್ ಹಾಕಬೇಕು, ಜೋಯಿಡಾದ ಕೊಂಕಣಿಯವನ ಮಾತಿಗೆ ದುಭಾಷಿಯನ್ನು ಕೂರಿಸಿದ ಹಾಗೆ.

ಜಾವಾದ್ದು ಸರಾಗವಾಗಿ ಕೂತಿತು. ಪೈಥಾನಿನದು ಹಾಕಹೋದರೆ ‘ಇದು ಈಗಾಗಲೇ ಇದೆ’ ಎಂಬ ಸಾಲು ಬಂತು. ಇದ್ದರೆ ಒಳ್ಳೆಯದೇ ಎಂದುಕೊಂಡು ಈರೇಶ ಮುಂದೆ ಹೋದ. ಆತುರಗಾರನಿಗೆ ಬುದ್ಧಿ ಮಟ್ಟ. ಅಲ್ಲಿದ್ದದ್ದು ಹಳೆಯ ಬೈಂಡಿಂಗ್. ಹೋದ ವಾರ ಕಿತ್ತುಹಾಕಿದ ಅಳತೆಯಂತ್ರದ ಕೊನೆಯ ಅಂಕಿಯನ್ನೇ, ಮೂರು ಅಡಿಯನ್ನೇ, ಹಿಡಿದುಕೊಂಡು ಕೂತಿತ್ತು. ಸುಳ್ಳು ಮಟ್ಟ ಕೊಟ್ಟು ಭೋಂಗಾ ಒಮ್ಮೆ ಊದಿಸಿ ನೋಡಿದ್ದರೆ ಗುಟ್ಟು ಅಲ್ಲೇ ರಟ್ಟಾಗುತ್ತಿತ್ತು.

ಊದಿಸುವವನೇ ಇದ್ದ. ಅಷ್ಟರಲ್ಲಿ ಕೆಳಗಿನ ಊರಿನಿಂದ ಸೋದರಮಾವ ಬಸಲಿಂಗಯ್ಯನ ಫೋನು ಬಂತು. ಈ ಸೀಮೆಯ ಒಕ್ಕಲು ಮನೆಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಹಳ್ಳಕ್ಕೆ ಇಳಿಸಿ ಮೈ ತೊಳೆಯುತ್ತಾರೆ. ಹೋದ ಸಲ ಭೋಂಗಾ ಊದಿದಾಗ ಮಾವನ ಒಂದು ಎತ್ತು ಬೆದರಿ, ಕಲ್ಲಿನ ಮೇಲೆ ಬಿದ್ದು ಕಾಲು ಮುರಿದುಕೊಂಡಿತ್ತು.

“ಸೋಮವಾರ ದಿನ ಬಸವಣ್ಣನ ಬೆದರಸಬ್ಯಾಡಪಾ. ನಾಳೆ ಬೇಕಾದ್ರ ಹತ್ತು ಸಲ ಊದಸು,” ಎಂದ ಮಾವ.

ಈರೇಶ ಬೆಳೆದದ್ದೇ ಆ ಮನೆಯ ರೊಟ್ಟಿ ತಿಂದು. ಆಗಲಿ ಎಂದ. ಗೇಟು ಮಧ್ಯಾಹ್ನದೊಳಗೆ ತಾನಾಗಿ ನಡೆಯುವಂತಾಗಬೇಕೆಂದು ಸಾಹೇಬರು ಬೆಳಗಿನಿಂದ ಬೆನ್ನು ಬಿದ್ದಿದ್ದರು. ಪರೀಕ್ಷೆ ಮುಗಿದಿದೆ ಎಂದು ಬರೆದು ಕಳಿಸಿ, ಗೇಟನ್ನು ಪ್ರೋಗ್ರಾಮಿನ ಕೈಗೆ ಬಿಟ್ಟ. ಒಂದು ದಿನದ ಮಾತು, ಏನಾದೀತು? ತಲೆಯ ಮೇಲೆ ಬಿಸಿಲು ಚುರುಗುಟ್ಟುತ್ತಿತ್ತು. ಮೇಲಿನ ಗುಡ್ಡದ ಕಡೆ ಮಾತ್ರ ಮುಂಜಾನೆಯಿಂದ ಕರಿಮೋಡ ಕದಲದೆ ನಿಂತಿತ್ತು.

ಬುತ್ತಿ ಬಿಚ್ಚುವಾಗ ಕಾಲಡಿಯ ನೆಲ ಸಣ್ಣಗೆ ನಡುಗಿತು. ಗೇಟು ಏಳುತ್ತಿತ್ತು. ಮೊದಲು ಅವನಿಗೆ ಖುಷಿಯೇ ಆಯಿತು, ತಾನು ಹಾಕಿದ್ದು ಕೆಲಸ ಮಾಡುತ್ತಿದೆ ಎಂದು. ಆಮೇಲೆ ಭೋಂಗಾದ ಸದ್ದಿಗೆ ಕಿವಿಗೊಟ್ಟ. ಕಾದ. ಏನೂ ಕೇಳಲಿಲ್ಲ.

ಗೇಟಿನ ಪರದೆ ಹನ್ನೊಂದು ಅಡಿ ಎನ್ನುತ್ತಿತ್ತು. ಪಕ್ಕದ ಭೋಂಗಾದ ಪರದೆ ಮೂರು ಅಡಿ.

ಗೇಟು ಇಳಿಸಲು ಹಚ್ಚಿದ, ಅದು ಇಳಿಯುವುದು ತನ್ನದೇ ನಿಧಾನದಲ್ಲಿ. ಬಿಟ್ಟ ನೀರು ಆಗಲೇ ತಿರುವು ದಾಟಿತ್ತು. ಕೈಯಿಂದ ಭೋಂಗಾ ಊದಿಸುವ ಗುಂಡಿ ಇದ್ದದ್ದು ಕೆಳಗಿನ ಊರಿನ ಕಂಬದಲ್ಲಿ, ನಾಲ್ಕು ಮೈಲಿ ದೂರ. ಮಾವನಿಗೆ ಫೋನು ಹಚ್ಚಿದ. ಎತ್ತಿದವಳು ಅತ್ತೆ ಗಿರಿಜಾಬಾಯಿ. ಮಾವ ಫೋನು ಮನೆಯಲ್ಲೇ ಬಿಟ್ಟು ಹೋಗಿದ್ದಾನೆ, ಊರಿನ ಎತ್ತುಗಳೆಲ್ಲ ಹಳ್ಳದಲ್ಲಿವೆ, ಊದಿಸದೆ ಪುಣ್ಯ ಕಟ್ಟಿಕೊಂಡೆ ಎಂದು ಎಲ್ಲರೂ ನಿನ್ನನ್ನು ಹರಸುತ್ತಿದ್ದಾರೆ ಎಂದು ಅವಳು ಒಂದೇ ಉಸಿರಿಗೆ ಹೇಳಿದಳು.

“ಅತ್ತಿ, ನೀರು ಬಿಟ್ಟೈತಿ. ಓಡಿಹೋಗಿ ಎಲ್ಲಾರ್ನೂ ಮ್ಯಾಲೆ ಕರಿ,” ಎಂದ ಈರೇಶ.

ಅವಳು ನಕ್ಕಳು.

“ಚಾಷ್ಟಿ ಮಾಡತಿಯೇನೋ. ಬಿಟ್ಟಿದ್ರ ಭೋಂಗಾ ಊದತಿತ್ತಲ್ಲ.”