ಆಮೆನ್‌ಗಿಂತ ಮುಂಚೆ

ನಮ್ಮ ಕಾಲೇಜಿನಲ್ಲಿ ದೊಡ್ಡ ತೀರ್ಮಾನಗಳಿಗೆ ಕೈ ಎತ್ತುವ ಪದ್ಧತಿಯಿಲ್ಲ. ಮೇಷ್ಟ್ರುಗಳೂ ಸೇರಿದಂತೆ ಆಡಳಿತ ಮಂಡಳಿಯವರೆಲ್ಲ ಪ್ರಾರ್ಥನಾ ಮಂದಿರದ ಬೆಂಚುಗಳ ಮೇಲೆ ಕೂತು ಕಣ್ಣು ಮುಚ್ಚಬೇಕು. ಮನಸ್ಸಾಕ್ಷಿ ಒಪ್ಪದವರು ಸದ್ದಿಲ್ಲದೆ ಎದ್ದು ನಿಲ್ಲಬೇಕು. ಒಬ್ಬರೇ ಒಬ್ಬರು ನಿಂತರೂ ಸಾಕು, ಆ ವಿಷಯ ಒಂದು ವರ್ಷ ಮುಂದಕ್ಕೆ ಹೋಗುತ್ತದೆ. ಕಣ್ಣು ಬಿಟ್ಟುಕೊಂಡು ನೋಡುವವರು ಪ್ರಾಂಶುಪಾಲರೊಬ್ಬರೇ. ನಿಂತವರು ಯಾರೆಂದು ಅವರು ಸಾಯುವ ತನಕ ಬಾಯಿ ಬಿಡುವಂತಿಲ್ಲ. ಅವರು ‘ಆಮೆನ್’ ಎಂದೊಡನೆ ಆಶೀರ್ವಾದಕ್ಕಾಗಿ ಎಲ್ಲರೂ ಏಳುತ್ತಾರೆ. ಆಮೇಲೆ ಯಾರೂ ಚಕಾರ ಎತ್ತುವಂತಿಲ್ಲ. ಕಾಲೇಜು ಕಟ್ಟಿದ ಪಾದ್ರಿ ದಂಪತಿ ಮಾಡಿಟ್ಟ ನಿಯಮ ಇದು.

ಆ ಪುಣ್ಯಾತ್ಮರು ಕುದುರೆ ಲಾಯದಲ್ಲಿ ಪಾಠ ಶುರುಮಾಡಿದವರು. ಲೆಕ್ಕ ಕಲಿಯಲು ಬಂದವರ ಕೈಗೆ ಕಾವ್ಯ ಕೊಟ್ಟರು, ಬೈಬಲ್ ಓದಲು ಬಂದವರಿಗೆ ನಕ್ಷತ್ರ ತೋರಿಸಿದರು. ದೇವರು ಕೊಟ್ಟ ಬುದ್ಧಿಯ ಅರ್ಧಕ್ಕೆ ಬೀಗ ಹಾಕಿಡುವುದು ಪಾಪ ಎನ್ನುತ್ತಿದ್ದರಂತೆ. ಈಗ ನಮ್ಮ ಮಂಡಳಿಯ ಅಧ್ಯಕ್ಷರಿಗೆ ಆ ಬೀಗವೇ ಬೇಕಾಗಿದೆ. ತತ್ವಶಾಸ್ತ್ರ, ಸಾಹಿತ್ಯ, ಇತಿಹಾಸ ಮೂರನ್ನೂ ಮುಚ್ಚಿ, ನೌಕರಿ ಕೊಡಿಸುವ ವಿಷಯಗಳನ್ನಷ್ಟೇ ಉಳಿಸಬೇಕಂತೆ. ನಾನು ತತ್ವಶಾಸ್ತ್ರದ ಮೇಡಂ. ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ?

ಪ್ರಾಂಶುಪಾಲ ಬೇರೆ ಯಾರೋ ಆಗಿದ್ದರೆ ಹಿಡಿದು ಜಾಡಿಸುತ್ತಿದ್ದೆ. ಅವನು ನನ್ನ ಒಡಹುಟ್ಟಿದ ಅಣ್ಣ. ಈ ನಿರ್ಣಯ ಮುಂದಕ್ಕೆ ಹೋದರೆ ಅವನ ಕುರ್ಚಿಯೂ ಹೋಗುತ್ತದೆಂದು ಅಧ್ಯಕ್ಷರು ಎಲ್ಲರೆದುರೇ ಹೇಳಿದ್ದರು. ಸಭೆಯ ದಿನ ಬೆಳಿಗ್ಗೆ ಅವನ ಕೋಣೆಗೆ ನುಗ್ಗಿದೆ.

“ಏನಣ್ಣಾ, ಅಪ್ಪ ಪಾಠ ಮಾಡಿದ ಕ್ಲಾಸಿಗೆ ನಿನ್ನ ಕೈಯಾರೆ ಬಾಗಿಲು ಹಾಕ್ತೀಯಾ?”

“ನಾನು ನಿಲ್ಲೋ ಹಾಗಿಲ್ಲ ಕಣೇ. ನನ್ನ ಕೆಲಸ ನೋಡೋದು, ಅಷ್ಟೇ.”

“ನೋಡು ಹಾಗಾದ್ರೆ, ಚೆನ್ನಾಗಿ ನೋಡು!”

ನಿಲ್ಲುವೆನೆಂದು ಮೊದಲೇ ಹೇಳುವುದೂ ನಿಷಿದ್ಧ. ನಾಲಿಗೆ ಕಚ್ಚಿಕೊಂಡು ಹೊರಬಂದೆ. ಅವನ ಮುಖ ಸೊರಗಿತ್ತು. ಗಡ್ಡ ಕೂಡ ಬೋಳಿಸಿರಲಿಲ್ಲ.

ಮಂದಿರದಲ್ಲಿ ನನ್ನ ಹಿಂದಿನ ಬೆಂಚಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು ಕೂತಿದ್ದರು. ಹುಡುಗರು ಅವರಿಗೆ ‘ತಕ್ಕಡಿ’ ಎಂದು ಹೆಸರಿಟ್ಟಿದ್ದಾರೆ. ಏನು ಕೇಳಿದರೂ ಅದೂ ಸರಿ, ಇದೂ ಸರಿ ಎನ್ನುವ ಆಸಾಮಿ. ಇವರನ್ನು ನಂಬಿಕೊಂಡರೆ ಕೆಟ್ಟೆ ಎಂದುಕೊಂಡೆ. ಅಧ್ಯಕ್ಷರು ನಿರ್ಣಯ ಓದಿದರು. ಎಲ್ಲರೂ ಕಣ್ಣು ಮುಚ್ಚಿದೆವು.

ಎದ್ದರೆ ಅಣ್ಣನ ಅನ್ನಕ್ಕೆ ಕಲ್ಲು ಹಾಕಿದ ಹಾಗೆ, ಕೂತರೆ ಅಪ್ಪನ ಮುಖಕ್ಕೆ ಮಸಿ ಬಳಿದ ಹಾಗೆ. ಅಯ್ಯೋ ದೇವರೇ, ನೀನಾದರೂ ನನ್ನ ಜಾಗದಲ್ಲಿ ಕೂತು ನೋಡು ಎಂದು ಬೈದೆ. ಆಮೇಲೆ ಮುಂದಿನ ಬೆಂಚು ಹಿಡಿದು ಎದ್ದೆ. ನೆಟ್ಟಗೆ ನಿಂತೆ.

“ಆಮೆನ್,” ಎಂದ ಅಣ್ಣ. ಧ್ವನಿ ಒಡೆದಿತ್ತು. ಬೆಂಚುಗಳೆಲ್ಲ ಕಿರುಗುಟ್ಟಿದವು, ಎಲ್ಲರೂ ಎದ್ದರು. ಕಣ್ಣು ಬಿಟ್ಟೆ. ಅವನು ನನ್ನನ್ನು ದಾಟಿ ಎಲ್ಲೋ ನೋಡುತ್ತಾ ಹೇಳಿದ: “ಯಾರೂ ನಿಂತಿಲ್ಲ. ನಿರ್ಣಯ ಅಂಗೀಕಾರವಾಗಿದೆ.”

ಮೈಯೆಲ್ಲ ಉರಿದುಹೋಯಿತು. ಕುರ್ಚಿಗಾಗಿ ದೇವರ ಎದುರೇ ಸುಳ್ಳು ಹೇಳಿದನಲ್ಲ! ಅಧ್ಯಕ್ಷರು ಕೈಕುಲುಕಿ ಕಾರು ಹತ್ತಿದ್ದೇ ತಡ, ಅವನ ಕೋಣೆಗೆ ಓಡಿದೆ. ಒಳಗೆ ಆಗಲೇ ಯಾರೋ ಕೂಗಾಡುತ್ತಿದ್ದರು. ನೋಡಿದರೆ ತಕ್ಕಡಿ.

“ಹುಟ್ಟಿದಾಗಿಂದ ಒಂದೇ ಒಂದು ಸಲ ಒಂದು ಕಡೆ ನಿಂತೆ ಸಾರ್! ಅದನ್ನೂ ಇಲ್ಲ ಅಂದುಬಿಟ್ರಲ್ಲ!” ನನ್ನನ್ನು ಕಂಡು ಬೆರಳು ತೋರಿಸಿದರು. “ನೀವು ಬಿಡಿ ಮೇಡಂ, ಅಣ್ಣನ ಕುರ್ಚಿ ಉಳೀಲಿ ಅಂತ ಗಟ್ಟಿಯಾಗಿ ಕೂತಿರ್ತೀರಿ.”

“ಬಾಯಿ ಮುಚ್ರೀ! ನಾನೂ ನಿಂತಿದ್ದೆ!”

ಇಬ್ಬರೂ ಮುಖ ಮುಖ ನೋಡಿಕೊಂಡೆವು, ಆಮೇಲೆ ಅಣ್ಣನನ್ನು. ಅವನು ಮೇಜು ಹಿಡಿದುಕೊಂಡು ಮೆಲ್ಲಗೆ ಕುರ್ಚಿಯ ಮೇಲೆ ಕುಸಿದ.

“ನೀನೂ ನಿಂತಿದ್ಯಾ?”

“ನಾಟಕ ಆಡ್ಬೇಡ. ಕಣ್ಣಾರೆ ನೋಡಿದ್ದೀಯ.”

“ನೋಡಲಿಲ್ಲ ಕಣೇ. ನನಗೋಸ್ಕರ ನೀನು ಕೂತುಬಿಡ್ತೀಯ ಅಂದ್ಕೊಂಡೆ. ಬೇರೆ ಯಾರಿಗೂ ಧೈರ್ಯ ಇಲ್ಲ ಅಂದ್ಕೊಂಡೆ. ದೇವರೇ, ನನ್ನ ಕುರ್ಚಿ ಹಾಳಾಗಿ ಹೋಗ್ಲಿ, ಒಬ್ಬರನ್ನಾದ್ರೂ ಎಬ್ಬಿಸಪ್ಪಾ ಅಂತ ಬೇಡ್ಕೋತಾ ಇದ್ದೆ. ಬೇಡ್ಕೋತಾ ನನಗೇ ಗೊತ್ತಿಲ್ದೆ ಕಣ್ಣು ಮುಚ್ಚಿಬಿಟ್ಟೆ. ಆಮೆನ್ ಅಂದ್ಮೇಲೆ ಬಿಟ್ಟೆ. ಅಷ್ಟರಲ್ಲಿ ಎಲ್ಲರೂ ನಿಂತಿದ್ರು.”

ತಕ್ಕಡಿ ತಲೆಯ ಮೇಲೆ ಕೈಹೊತ್ತು ಅಲ್ಲೇ ಕೂತರು. ಸುಳ್ಳು ಹೇಳಿದ್ದರೆ ಜಗಳವಾಡಬಹುದಿತ್ತು, ಜನ್ಮಪೂರ್ತಿ ಮಾತು ಬಿಡಬಹುದಿತ್ತು. ಇದಕ್ಕೆ ಏನು ಮಾಡಲಿ? ಅವನಿಗೆ ಹೊಡೆಯಲಾ, ತಬ್ಬಿಕೊಳ್ಳಲಾ ತಿಳಿಯಲಿಲ್ಲ.

“ಈಗಲೇ ಫೋನ್ ಮಾಡಿ ಹೇಳಣ್ಣಾ, ಕೈಮುಗೀತೀನಿ.”

ಅವನು ಮಾಡಿದ. ಎಲ್ಲವನ್ನೂ ಹೇಳಿದ, ಕಣ್ಣು ಮುಚ್ಚಿದ್ದನ್ನೂ. ಆ ಕಡೆಯಿಂದ ಅಧ್ಯಕ್ಷರ ಧ್ವನಿ ನಮಗೂ ಕೇಳಿಸಿತು. ಕೋಪವೇ ಇರಲಿಲ್ಲ ಅದರಲ್ಲಿ.

“ಆಮೆನ್ ಆದಮೇಲೆ ಮಾತು ಎತ್ತೋ ಹಾಗಿಲ್ಲ ಅಲ್ವೇ, ಪ್ರಿನ್ಸಿಪಾಲರೇ? ನಿಯಮ ನಿಮ್ಮ ಪಾದ್ರಿ ದಂಪತಿಯದ್ದೇ.”

ಅಣ್ಣ ಫೋನ್ ಕೆಳಗಿಟ್ಟ. ನಾನು ತರಗತಿಗೆ ಹೊರಟೆ. ಮಕ್ಕಳು ಕಾಯುತ್ತಿದ್ದರು, ಯಾರು ನಿಂತರೆಂದು ಕೇಳುವವರಿದ್ದರು. ನಾನಿನ್ನು ಚಕಾರ ಎತ್ತುವಂತಿರಲಿಲ್ಲ.