ಹುಡುಕಿಕೊಂಡು ಬರುವ ಏರ್‌ಪೋರ್ಟು

ಬೆಂಗಳೂರಿನ ವಿಮಾನ ನಿಲ್ದಾಣದ ಮೊದಲ ರನ್‌ವೇ ಪಿಳ್ಳಮ್ಮನ ಹೊಲ ನುಂಗಿತ್ತು. "ಏರ್‌ಪೋರ್ಟು ಇನ್ನು ಬೆಳೆಯಲ್ಲ ಕಣಮ್ಮ" ಎಂದು ನಂಬಿಸಿ ಬ್ರೋಕರ್ ಶಾಂತರಾಜು ಪಕ್ಕದಲ್ಲೇ ಸೈಟು ಕೊಡಿಸಿದ. ಎರಡನೆಯ ರನ್‌ವೇ ಅಲ್ಲಿ ಕಟ್ಟಿದ ಮನೆಯನ್ನೂ ನುಂಗಿತು. ಅದು ಬರುತ್ತದೆಂದು ಆ ಪುಣ್ಯಾತ್ಮನಿಗೆ ಮೊದಲೇ ಗೊತ್ತಿತ್ತು.

ಈಗ ಅವಳು ದೂರದ ಘಟ್ಟದ ಮೇಲಿನ ಮಾರನಹಳ್ಳಿಯಲ್ಲಿ ಎಸ್ಟೇಟೊಂದರ ಗೇಟು ಕಾಯುತ್ತಾಳೆ. ಇವತ್ತು ಗುಡ್ಡ ಕುಸಿದು ಹೆದ್ದಾರಿ ಬಂದ್ ಆಗಿತ್ತು. ಬೆಂಗಳೂರಿನ ಕಡೆ ಹೋಗಲು ಉಳಿದದ್ದು ಎಸ್ಟೇಟಿನ ಒಳದಾರಿ ಒಂದೇ. ಕಾರಿನಿಂದ ಇಳಿದು ಬಂದವನು ಶಾಂತರಾಜು. ಅವಳ ಗುರುತು ಅವನಿಗೆ ಹತ್ತಲಿಲ್ಲ.

"ಗೇಟು ತೆಗಿಯಮ್ಮ, ದುಬೈ ಫ್ಲೈಟು ತಪ್ಪೋಗುತ್ತೆ."

ಪಿಳ್ಳಮ್ಮ ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡು, ಸ್ಟೂಲು ಎಳೆದು ಕೂತಳು.

"ಏರ್‌ಪೋರ್ಟು ನನ್ನ ಹುಡಿಕ್ಕಂಡು ಎರಡ್ ಸತಿ ಬಂತು. ಇಲ್ಲಿಗೂ ಬತ್ತದೆ, ಕೂತ್ಕಂಡು ಕಾಯಿ ಶಾಂತರಾಜಣ್ಣ."