ಹೊಸ್ತಿಲ ಮೂಲೆಯ ಗಂಟು

ನಾನು ಒಂದು ತಂತಿ. ಮೈ ನೀಲಿ, ಹೊಟ್ಟೆಯೊಳಗೆ ತಾಮ್ರದ ಎಂಟು ಎಳೆ. ಕಾರ್ಖಾನೆಯಲ್ಲಿ ಆ ಎಂಟನ್ನೂ ಎರಡೆರಡಾಗಿ ಹೊಸೆದು, ಮೇಲೊಂದು ನೀಲಿ ಅಂಗಿ ತೊಡಿಸಿ, ಸುರುಳಿ ಸುತ್ತಿ ಪೆಟ್ಟಿಗೆಗೆ ತುಂಬಿದರು. ನನ್ನ ಕೆಲಸ ಇಷ್ಟೇ: ಈ ತುದಿಗೆ ಬಂದದ್ದನ್ನು ಆ ತುದಿಗೆ ಮುಟ್ಟಿಸುವುದು. ನಡುವೆ ಬಾಯಿ ಹಾಕುವಂತಿಲ್ಲ. ಅದರಿಂದ ನಾನು ಪಟ್ಟ ಸಂಕಟ ಅಷ್ಟಿಷ್ಟಲ್ಲ.

ಮೊದಲು ಬೆಟಗೇರಿಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಬೆಂಚಿನ ಕೆಳಗೆ ಏಳು ವರ್ಷ ಇದ್ದೆ. ಅಲ್ಲಿ ನಾನು ಕಂಡದ್ದೆಲ್ಲ ಚಪ್ಪಲಿ ಮತ್ತು ಹಿಮ್ಮಡಿ. ಕೇಂದ್ರ ಮುಚ್ಚಿದಾಗ ಓಣಿ ಓಣಿಗೆ ಇಂಟರ್‌ನೆಟ್ ಕೊಡುವ ಫಕ್ಕೀರೇಶ ನನ್ನನ್ನು ಸುತ್ತಿ ಹೆಗಲಿಗೆ ಹಾಕಿಕೊಂಡು ಬಂದ. ನೇಕಾರ ಓಣಿಯ ಪ್ರಮೀಳಾ ಎಂಬ ಹೆಣ್ಣುಮಗಳ ಮನೆಗೆ ಎಳೆಯುವಾಗ ನಾನು ಮೂರು ಮೊಳ ಕಡಿಮೆ ಬಿದ್ದೆ. ಇನ್ನೊಂದು ತುಂಡನ್ನು ನನಗೆ ಹೊಸೆದು ಕಪ್ಪು ಟೇಪು ಸುತ್ತಿದ. ಗೋಡೆ ಎರಡು ಅಡಿ ದಪ್ಪದ ಕಲ್ಲಿನದು, ಅವನ ಡ್ರಿಲ್ಲು ಒಳಗೆ ಇಳಿಯಲೊಲ್ಲದು. ಹೊಸ್ತಿಲ ಮೂಲೆಯಲ್ಲಿ ಇಲಿ ಕೊರೆದ ಸಂದಿಯಿತ್ತು. ಅದರೊಳಗೆ ತೂರಿಸಿದ. ಗಂಟು ಸರಿಯಾಗಿ ಹೊಸ್ತಿಲ ಕೆಳಗೆ ಬಂದು ಕೂತಿತು.

"ಯಾರಿಗೂ ಕಾಣಂಗಿಲ್ಲ ಬಿಡ್ರಿ ಅಕ್ಕಾರ" ಅಂದ. ಹಾಗೇ ಆಯಿತು, ಯಾರಿಗೂ ಕಾಣಲಿಲ್ಲ.

ಆ ಮನೆಯಲ್ಲಿ ಹಗಲು ಇರುತ್ತಿದ್ದವರು ಇಬ್ಬರೇ. ಪ್ರಮೀಳಾ, ಮತ್ತು ಅವಳ ಅತ್ತೆ ಶಾಕವ್ವ. ಶಾಕವ್ವ ನಲವತ್ತು ವರ್ಷ ಕುಣಿಮಗ್ಗದಲ್ಲಿ ಸೀರೆ ನೇಯ್ದವಳು. ಮೊಣಕಾಲು ಕೈಕೊಟ್ಟ ಮೇಲೆ ಮಗ್ಗ ಬಿಟ್ಟಿದ್ದಳು. ಪ್ರಮೀಳಾಳಿಗೆ ಸಿಕ್ಕ ಕೆಲಸ ಎಲ್ಲರಿಗೂ ಸಿಗುವಂಥದ್ದಲ್ಲ. ದೂರದ ಒಂದು ಕಾಲೇಜಿನಲ್ಲಿ ಕಿವಿ ಕೇಳದ ಹನ್ನೊಂದು ಮಕ್ಕಳಿದ್ದರು. ಮುಂಜಾನೆ ಎಂಟಕ್ಕೆ ಅಲ್ಲಿ ಮೇಷ್ಟರು ಪಾಠ ಶುರು ಮಾಡಿದರೆ ಇಲ್ಲಿ ಇವಳು ಕೇಳಿಸಿಕೊಂಡು ಪಟಪಟನೆ ಕನ್ನಡದಲ್ಲಿ ಟೈಪು ಮಾಡಬೇಕು. ಮಕ್ಕಳು ಪರದೆಯ ಮೇಲೆ ಓದಿಕೊಳ್ಳಬೇಕು. ಒಂದು ತಿಂಗಳು ಪರೀಕ್ಷೆಗೆಂದು ಇಟ್ಟುಕೊಂಡಿದ್ದರು. ಆಮೇಲೆ ಕಾಯಂ.

ಮೊದಲ ಶುಕ್ರವಾರ ಎಂಟೂಕಾಲಿಗೆ ನೆಟ್ ಹೋಯಿತು. ಬಂತು. ಮತ್ತೆ ಹೋಯಿತು. ಪ್ರಮೀಳಾ ನನ್ನ ತುದಿ ಸೇರುವ ಇಂಟರ್‌ನೆಟ್ ಡಬ್ಬಿಯ ಸ್ವಿಚ್ ಆರಿಸಿ ಹಚ್ಚಿದಳು, ನನ್ನ ತುದಿ ಕಿತ್ತು ಊದಿ ಮತ್ತೆ ಸಿಕ್ಕಿಸಿದಳು, ಕಂಪ್ಯೂಟರನ್ನೇ ಒಮ್ಮೆ ಮಲಗಿಸಿ ಎಬ್ಬಿಸಿದಳು. ನೆಟ್ ತಿರುಗಿ ಬಂದಾಗ ಒಬ್ಬ ಹುಡುಗಿಯ ಸಂದೇಶ ಕಾದಿತ್ತು: "ಅಕ್ಕ, ಸರ್ ಬಾಯಿ ಅಲ್ಲಾಡುತ್ತಿದೆ, ಅಕ್ಷರ ಬರುತ್ತಿಲ್ಲ." ಪಾಠ ಮುಗಿದದ್ದೇ ಪ್ರಮೀಳಾ ಫಕ್ಕೀರೇಶನಿಗೆ ಫೋನು ಮಾಡಿದಳು.

ಮಧ್ಯಾಹ್ನ ಫಕ್ಕೀರೇಶ ಬಂದ. ಆಗ ಎಲ್ಲ ಸರಿಯಿತ್ತು.

"ಬರೋಬ್ಬರಿ ಐತಲ್ರಿ ಅಕ್ಕಾರ. ಲೈಟ್ ಹ್ಯಾಂಗ ಮಿಣಮಿಣ ಅನ್ನಾಕತ್ತಾವ ನೋಡ್ರಿ."

"ಮುಂಜಾನೆ ಹೋಗಿತ್ತಪಾ. ನಾಕ ಸಲ."

"ಈಗ ಐತಲ್ರಿ" ಎಂದು ಹೋದ. ಮುಂದಿನ ಮಂಗಳವಾರ ಮತ್ತದೇ ಕಥೆ. ಅವನು ಬಂದು ನನ್ನ ತುದಿಯ ಕ್ಲಿಪ್ಪು ಬದಲಿಸಿದ. ಪ್ರಮೀಳಾಳ ಗಂಡ ಬಸ್ ಡಿಪೋದ ಕೆಲಸ ಮುಗಿಸಿ ಬರುವಾಗ ಹೊಸ ಡಬ್ಬಿಯನ್ನೇ ತಂದ. ಎಲ್ಲಿಯೋ ನೋವು, ಎಲ್ಲಿಗೋ ಮುಲಾಮು. ಶಾಕವ್ವ "ಯಾರ ಕಣ್ಣ ಬಿತ್ತೋ ಈ ಡಬ್ಬಿಗೆ" ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಹೊಸ ಡಬ್ಬಿಗೆ ಬಂದ ವಾರವೇ ದೃಷ್ಟಿ ತೆಗೆಸಿಕೊಳ್ಳುವ ಭಾಗ್ಯ.

ರೋಗ ಎಲ್ಲಿದೆಯೆಂದು ನನಗೆ ಗೊತ್ತಿತ್ತು. ಅವರ ಮನೆದೇವರು ಬನಶಂಕರಿ. ಮಂಗಳವಾರ, ಶುಕ್ರವಾರ ದೇವಿಯ ವಾರ. ಆ ಎರಡು ದಿನ ಶಾಕವ್ವ ಏಳೂವರೆಗೆ ತಲೆಮೇಲೆ ನೀರು ಹಾಕಿಕೊಂಡು ಬಂದು, ಹೊಸ್ತಿಲಿಗೆ ಒಂದು ಬಿಂದಿಗೆ ನೀರು ಸುರಿದು, ತಿಕ್ಕಿ ತೊಳೆದು, ಅರಿಸಿನ ಬಳಿದು ಕುಂಕುಮ ಇಡುತ್ತಿದ್ದಳು. ನೀರು ಸಂದಿಯಲ್ಲಿ ಇಳಿದು ಟೇಪಿನೊಳಗೆ ಸೇರುತ್ತಿತ್ತು. ಎಂಟರ ಹೊತ್ತಿಗೆ ನನ್ನ ಗಂಟಲು ಕಟ್ಟುತ್ತಿತ್ತು. ಬಿಸಿಲು ಹೊಸ್ತಿಲಿಗೆ ಬಂದು ಆರಿದ ಮೇಲೆ ನಾನು ಮತ್ತೆ ಆರಾಮ. ಸೊಸೆಯ ಕೆಲಸ ಉಳಿಯಲಿ ಎಂದು ಆಕೆ ಹರಕೆ ಹೊತ್ತ ಮೇಲೆ ಒಂದು ಬಿಂದಿಗೆ ಎರಡಾಯಿತು. ಸೊಸೆಗಾಗಿ ಬೇಡುತ್ತ ಬೇಡುತ್ತ ಆಕೆ ನನ್ನ ಮೇಲೆ ನೀರು ಸುರಿಯುವಾಗ ನಾನು ಒಳಗೊಳಗೇ ಒದ್ದಾಡುತ್ತಿದ್ದೆ. ಹೇಳಲು ಬಾಯಿಲ್ಲ.

ಪ್ರಮೀಳಾ ನೆಟ್ ಹೋದ ದಿನಗಳಿಗೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಸುತ್ತು ಹಾಕುತ್ತಿದ್ದಳು. ಮೂರನೆಯ ಗುರುವಾರ ಸಂಜೆ ಕಾಲೇಜಿನ ಮೇಡಂ ಫೋನು ಮಾಡಿದರು. ನಾಳೆ ಕೊನೆಯ ಪಾಠ, ಸೋಮವಾರ ಮಕ್ಕಳ ಪರೀಕ್ಷೆ. ನಾಳೆಯೂ ಕಡಿದುಹೋದರೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ. ಫಕ್ಕೀರೇಶ ಲಕ್ಷ್ಮೇಶ್ವರಕ್ಕೆ ಮದುವೆಗೆ ಹೋಗಿದ್ದ, ಬರುವುದು ನಾಳೆ ಮಧ್ಯಾಹ್ನ. ಪ್ರಮೀಳಾ ಕ್ಯಾಲೆಂಡರಿನ ಮುಂದೆ ನಿಂತು ಅತ್ತುಬಿಟ್ಟಳು.

ಶಾಕವ್ವ ಸೊಸೆಯ ಪಕ್ಕ ಬಂದು ನಿಂತಳು. ಓದು ಬಾರದ ಆಕೆ ಸುತ್ತುಗಳನ್ನು ನೇಯ್ದ ಬಟ್ಟೆ ನೋಡುವಂತೆ ನೋಡಿದಳು. ನಾಲ್ಕು ಸುತ್ತು, ಎರಡೇ ಸಾಲಿನಲ್ಲಿ.

"ತಪ್ಪು ಸರತಿ ಹಿಡದು ಬಂದ್ರ ನೇದ ಅರಿವ್ಯಾಗ ಹುಡುಕಬಾರದವಾ, ಮಗ್ಗದಾಗ ಹುಡುಕಬೇಕು. ಇವು ಯಾವ ವಾರ?"

"ಮಂಗಳಾರ, ಶುಕ್ಕುರಾರ."

ಶಾಕವ್ವ ತಾನು ತೊಳೆಯುವ ಹೊಸ್ತಿಲ ಕಡೆ ತಿರುಗಿ ನೋಡಿದಳು. ಆಮೇಲೆ ಮೊಣಕಾಲು ಹಿಡಿದುಕೊಂಡು ಹೊಸ್ತಿಲ ಬಳಿ ಕೂತು ಸಂದಿಯಿಂದ ನನ್ನನ್ನು ಹೊರಗೆಳೆದಳು. ಆಕೆಯ ಹೆಬ್ಬೆರಳು ನನ್ನ ಮೈಮೇಲೆ ಸರಿಯುತ್ತ ಬಂದು ಊದಿಕೊಂಡ ಗಂಟಿನ ಮೇಲೆ ನಿಂತಿತು. ಟೇಪಿನ ತುಂಬ ಅರಿಸಿನ ಇಳಿದಿತ್ತು.

"ನಿನ್ನ ಅನ್ನಕ್ಕ ನಾನ ಕಲ್ಲ ಹಾಕೀನಲ್ಲ, ಯವ್ವಾ!" ಎಂದಳು. ಅಷ್ಟು ದಿನ ಆಕೆಗೆ ತಿಳಿಯಲೆಂದು ಹಂಬಲಿಸಿದ್ದ ನನಗೆ, ಆ ದನಿ ಕೇಳಿ, ತಿಳಿಯದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಶಾಕವ್ವ ಟೇಪು ಬಿಚ್ಚತೊಡಗಿದಾಗ ಪ್ರಮೀಳಾ ಆಕೆಯ ಕೈ ಹಿಡಿದಳು.

"ಬ್ಯಾಡ್ರಿ ಅತ್ತೀ! ಈಗ ಅರ್ಧಮರ್ಧ ಆದ್ರೂ ಬರತೈತಿ. ಹರದ್ರ ನಾಳೆ ಏನೂ ಇರಂಗಿಲ್ಲ."

"ಒಂದ ಸೀರಿಗೆ ಮೂರು ಸಾವಿರ ಎಳಿ ಹಚ್ಚಿದಾಕಿ ನಾ. ಎಂಟು ಎಳಿಗೆ ಅಂಜಲೇನು? ನನಗ ಕಣ್ಣ ಮಂಜು. ನೀ ಬಣ್ಣ ಹೇಳು."

ಪ್ರಮೀಳಾ ಕಣ್ಣೊರೆಸಿಕೊಂಡು ಹೇಳಿದಳು. ಕಿತ್ತಳೆಗೆ ಕಿತ್ತಳೆ. ಹಸಿರಿಗೆ ಹಸಿರು. ಶಾಕವ್ವ ಎಳೆಗಳ ಮೇಲೆ ಕಟ್ಟಿದ ಹಸಿರು ಕಿಲುಬನ್ನು ಚಾಕುವಿನಿಂದ ಕೆರೆದು, ಒಂದೊಂದನ್ನೇ ಹೆಬ್ಬೆರಳು ತೋರುಬೆರಳ ನಡುವೆ ಹೊಸೆದು, ಒಂದಕ್ಕೊಂದು ತಾಗದಂತೆ ಬೇರೆಬೇರೆಯಾಗಿ ಟೇಪು ಸುತ್ತಿದಳು. ಫಕ್ಕೀರೇಶ ಗಡಿಬಿಡಿಯಲ್ಲಿ ತಿರುಚಿದ್ದಕ್ಕೂ ಈ ಹೊಸೆತಕ್ಕೂ ಅಜಗಜಾಂತರ. ನನ್ನ ಜನ್ಮದಲ್ಲಿ ನನ್ನನ್ನು ಅಷ್ಟು ಜೋಪಾನವಾಗಿ ಯಾರೂ ಮುಟ್ಟಿರಲಿಲ್ಲ. ಗಂಟನ್ನು ಮತ್ತೆ ಸಂದಿಗೆ ಸೇರಿಸಿದಾಗ ಡಬ್ಬಿಯ ದೀಪ ಹತ್ತಿತು. ಆದರೂ ನಾಳೆ ಪೂರ್ತಿ ಎರಡು ತಾಸು ನಿಲ್ಲುತ್ತದೆಂದು ಯಾರು ಹೇಳಬೇಕು?

ಶುಕ್ರವಾರ ಮುಂಜಾನೆ, ತಾನು ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಮೊದಲ ಸಲ, ಶಾಕವ್ವ ಹೊಸ್ತಿಲು ತೊಳೆಯಲಿಲ್ಲ. ಒಣ ಕುಂಕುಮ ಇಟ್ಟು ಪಕ್ಕದಲ್ಲೇ ಕಾವಲು ಕೂತಳು. ಒಳಗೆ ಪಾಠ ಶುರುವಾಯಿತು. ಎಂಟೂಕಾಲು ದಾಟಿತು. ಎಂಟೂವರೆಗೆ ಎದುರುಮನೆಯ ಗಂಗವ್ವ ಬಿಂದಿಗೆ ಹೊತ್ತು ನಳದಿಂದ ಬರುತ್ತಿದ್ದವಳು ನಿಂತಳು.

"ಯಕ್ಕಾ, ಶುಕ್ಕುರಾರ ಹೊಸ್ತಲ ಒಣಾ ಬಿಟ್ಟೀಯಲ್ಲ! ಮೈಯಾಗ ಆರಾಮಿಲ್ಲೇನು? ಇರು, ನಾ ಹಾಕತೇನಿ."

ಹೇಳುತ್ತಲೇ ಬಿಂದಿಗೆ ಬಗ್ಗಿಸಿದಳು. ಸತ್ತೆ ಅಂದುಕೊಂಡೆ. ಶಾಕವ್ವ ನನ್ನ ಸಂದಿಯ ಮೇಲೆ ಮಡಿಲು ಹರಡಿಕೊಂಡು ಬಿದ್ದಳು. ನೀರೆಲ್ಲ ಆಕೆಯ ಸೀರೆಗಾಯಿತು.

"ಹಾಕಬ್ಯಾಡ! ಒಳಗ ನಮ್ಮ ಸೊಸಿ ಮಾತಾಡಾಕತ್ತಾಳ."

ಗಂಗವ್ವ ಕಿವಿಗೊಟ್ಟಳು. ಕೀಲಿಮಣೆಯ ಟಕಟಕ ಬಿಟ್ಟರೆ ಏನಿಲ್ಲ. "ಏನೂ ಕೇಳವಲ್ದಲ್ಲ?"

"ಕೇಳದವರಿಗೇ ಮಾತಾಡಾಕತ್ತಾಳ" ಅಂದಳು ಶಾಕವ್ವ, ಒದ್ದೆ ಸೀರೆಯಲ್ಲಿ ನಡುಗುತ್ತ.

ಹತ್ತು ಗಂಟೆಗೆ ಪಾಠ ಮುಗಿಯಿತು. ನಾನು ಒಮ್ಮೆಯೂ ತೊದಲಲಿಲ್ಲ. ಅದೇ ಹುಡುಗಿ ಬರೆದಿದ್ದಳು: "ಅಕ್ಕ, ಇವತ್ತು ಸರ್ ಬಾಯಿ ನೋಡಲೇ ಇಲ್ಲ." ಪ್ರಮೀಳಾ ಅದನ್ನು ಅತ್ತೆಗೆ ಎರಡು ಸಲ ಓದಿ ಹೇಳಿದಳು.

ಮಧ್ಯಾಹ್ನ ಬಂದ ಫಕ್ಕೀರೇಶ ಬೈಸಿಕೊಂಡು, ಗಂಟಿಲ್ಲದ ಹೊಸ ತಂತಿಯನ್ನು ಬಾಗಿಲ ಮೇಲೆ ತೋರಣದ ಮೊಳೆಯ ಹತ್ತಿರ ಎಳೆದು, ನನ್ನನ್ನು ಕಿತ್ತು ಮೂಲೆಗೆಸೆದ. ತಿಂಗಳು ಮುಗಿದಾಗ ಪ್ರಮೀಳಾಳ ಕೆಲಸ ಕಾಯಂ ಆಯಿತು. ಶಾಕವ್ವ ಹರಕೆ ತೀರಿಸಲು ಹೊಸ್ತಿಲಿಗೆ ಈಗ ಎರಡು ಬಿಂದಿಗೆಯನ್ನೇ ಸುರಿಯುತ್ತಾಳೆ.

ನನ್ನನ್ನು ಗುಜರಿಗೆ ಕೊಡಗೊಡಲಿಲ್ಲ ಆಕೆ. ಹಿತ್ತಲಲ್ಲಿ ಬೇವಿನ ಮರಕ್ಕೂ ಬಚ್ಚಲ ಗೋಡೆಗೂ ಕಟ್ಟಿದ್ದಾಳೆ, ಬಟ್ಟೆ ಒಣಹಾಕಲು. ಮಂಗಳವಾರ, ಶುಕ್ರವಾರ ಮಿಂದು ಬಂದು ಒದ್ದೆ ಸೀರೆಯನ್ನು ನನ್ನ ಮೇಲೆ ಹಾಕುತ್ತಾಳೆ, ತಾನು ಹೊಸೆದ ಗಂಟನ್ನು ಒಮ್ಮೆ ಹೆಬ್ಬೆರಳಲ್ಲಿ ಮುಟ್ಟಿ ನೋಡುತ್ತಾಳೆ. ಸೀರೆಯ ನೀರು ಗಂಟಿನೊಳಗೆ ಇಳಿಯುತ್ತದೆ. ಹಳೆಯ ಅಭ್ಯಾಸ, ಎದೆ ಝಲ್ಲೆನ್ನುತ್ತದೆ. ಉಸಿರು ಹಿಡಿದು ಕಿವಿಗೊಡುತ್ತೇನೆ. ಒಳಗೆ ಟಕಟಕ ನಡೆದೇ ಇರುತ್ತದೆ.